ಹಣೆಯ ಬೂದಿ, ಡಬ್ಬಿಯ ಚಿಲ್ಲರೆ: ಕಾನ್ವೆಂಟ್ ಶಾಲೆಯ ನಲವತ್ತು ದಿನ

2026ರ ಶಿವರಾತ್ರಿ ಫೆಬ್ರುವರಿ 15ಕ್ಕೆ ಬಿತ್ತು, ಭಾನುವಾರ. ಗೋಕರ್ಣಕ್ಕೆ ಹೋಗಿ, ಸಾಲಲ್ಲಿ ನಿಂತು, ಹಣೆತುಂಬ ವಿಭೂತಿ ಹಚ್ಚಿಕೊಂಡು ಬಂದೆವು. ಬುಧವಾರ ಸಂಜೆ ಮಗಳು ಶಾಲೆಯಿಂದ ಬಂದವಳೇ ಚೀಲ ಮೂಲೆಗೆ ಎಸೆದು ಕೇಳಿದಳು: "ಆಯಿ, ನಮ್ಮ ಟೀಚರೂ ಗೋಕರ್ಣಕ್ಕೆ ಹೋಗಿದ್ರಾ? ಅವರ ಹಣೆ ಮೇಲೂ ಬೂದಿ ಇತ್ತು. ಆದ್ರೆ ಅಡ್ಡ ಪಟ್ಟೆ ಅಲ್ಲ, ಪ್ಲಸ್ ಥರ."

ಅವಳು ಕುಮಟಾ ಕಡೆಯ ಒಂದು ಕಾನ್ವೆಂಟ್ ಶಾಲೆಯಲ್ಲಿ ಮೂರನೇ ಕ್ಲಾಸು. ಟೀಚರ್ ಗೋಕರ್ಣಕ್ಕೆ ಹೋಗಿರಲಿಲ್ಲ, ಬೆಳಿಗ್ಗೆ ಇಗರ್ಜಿಗೆ, ಅಂದರೆ ಚರ್ಚಿಗೆ, ಹೋಗಿ ಹಾಗೇ ಶಾಲೆಗೆ ಬಂದಿದ್ದರು. ಅವತ್ತು ಬೂದಿ ಬುಧವಾರ, ಈಸ್ಟರಿಗೆ ಮುಂಚಿನ ನಲವತ್ತು ದಿನದ ಕ್ಯಾಥೊಲಿಕ್ ವ್ರತ ಶುರುವಾಗುವ ದಿನ. ಕನ್ನಡದ ಕ್ಯಾಥೊಲಿಕರು ಅದನ್ನು ವಿಭೂತಿ ಬುಧವಾರ ಅಂತಲೂ ಕರೆಯುತ್ತಾರೆ. ಹಾಗಾಗಿ ಮಗಳ ಊಹೆ ಪೂರ್ತಿ ತಪ್ಪು ಅನ್ನಲಾರೆ.

ರಾತ್ರಿ ಪಾಲಕರ ವಾಟ್ಸಾಪ್ ಗುಂಪಿನಲ್ಲಿ ಪ್ರಶ್ನೆಗಳ ಮಳೆ. ನಲವತ್ತು ದಿನ ಮಕ್ಕಳು ಉಪವಾಸ ಇರಬೇಕಾ? ಮಧ್ಯಾಹ್ನದ ಮೊಟ್ಟೆ ನಿಲ್ಲಿಸ್ತಾರಾ? ಶಾಲೆಯ ದಾನದ ಡಬ್ಬಿಗೆ ಎಷ್ಟು ಹಾಕಬೇಕು? ನಮ್ಮ ಮಕ್ಕಳನ್ನೂ ಪ್ರಾರ್ಥನೆಗೆ ನಿಲ್ಲಿಸ್ತಾರಾ? ಅವಳ ಕ್ಲಾಸಲ್ಲಿ ಕ್ಯಾಥೊಲಿಕ್ ಮಕ್ಕಳು ನಾಲ್ಕೋ ಐದೋ. ಉಳಿದವರೆಲ್ಲ ನಾಯ್ಕರು, ಹಾಲಕ್ಕಿಗಳು, ಹರಿಕಂತ್ರರು, ಹವ್ಯಕರು, ಮುಸ್ಲಿಮರ ಮನೆಯವರು. ಇಂಥ ಗುಂಪಿನಲ್ಲಿ ಈ ಪ್ರಶ್ನೆಗಳು ಪ್ರತಿ ವರ್ಷ ಏಳುತ್ತವೆ, ಪ್ರತಿ ವರ್ಷ ಅರ್ಧ ಉತ್ತರಕ್ಕೆ ನಿಲ್ಲುತ್ತವೆ. ನನ್ನ ಇಬ್ಬರು ಮಕ್ಕಳೂ ಇಂಥ ಶಾಲೆಗಳಲ್ಲೇ ಓದಿದವರು. ಪಕ್ಕದ ಮನೆಯ ಮಾವಶಿ ಇಗರ್ಜಿಯಲ್ಲಿ ಹಾಡುವವರು. ಅವರಿಂದ ಕೇಳಿದ್ದು, ಓದಿದ್ದು, ಕಂಡಿದ್ದು ಸೇರಿಸಿ ಬರೆಯುತ್ತಿದ್ದೇನೆ.

ಮೊದಲು ಹೆಸರು. ಕನ್ನಡದಲ್ಲಿ ಈ ನಲವತ್ತು ದಿನಕ್ಕೆ ತಪಸ್ಸುಕಾಲ ಅಂತ ಹೆಸರು. ಮಾವಶಿ ಹೇಳುವುದು ಕರೆಜ್ಮ್. ಪೋರ್ಚುಗೀಸರ ಕ್ವಾರೆಸ್ಮಾ ಕೊಂಕಣಿಯ ಬಾಯಲ್ಲಿ ಹೀಗಾಗಿದೆ. ಅದರ ಹಿಂದಿರುವ ಲ್ಯಾಟಿನ್ ಪದಕ್ಕೆ ನಲವತ್ತನೆಯದು ಎಂದರ್ಥ. ಇಗರ್ಜಿ ಅನ್ನುವ ಮಾತೂ ಪೋರ್ಚುಗೀಸಿನದೇ. ಇಲ್ಲಿನ ಕೊಂಕಣಿ ಕ್ಯಾಥೊಲಿಕರಲ್ಲಿ ಬಹಳ ಮಂದಿಯ ಹಿರಿಯರು ಗೋವಾದಿಂದ ಬಂದವರು, ಮಾತೂ ಅವರ ಜೊತೆ ಬಂತು.

ಯೇಸು ಮರುಭೂಮಿಯಲ್ಲಿ ನಲವತ್ತು ದಿನ ಉಪವಾಸ ಇದ್ದ ಕಥೆಯೇ ಈ ಲೆಕ್ಕಕ್ಕೆ ಆಧಾರ. ಆದರೆ ಕ್ಯಾಲೆಂಡರ್ ಹಿಡಿದು ಎಣಿಸಿದರೆ ನಲವತ್ತು ಬರುವುದಿಲ್ಲ. 2026ರಲ್ಲಿ ಬೂದಿ ಬುಧವಾರ ಫೆಬ್ರುವರಿ 18, ಪಾಸ್ಖ ಅಂದರೆ ಈಸ್ಟರ್ ಏಪ್ರಿಲ್ 5. ನಡುವೆ 46 ದಿನ. ಅದರಲ್ಲಿ ಆರು ಭಾನುವಾರ. ಭಾನುವಾರ ಯೇಸು ಎದ್ದು ಬಂದ ದಿನವಾದ್ದರಿಂದ ಅವತ್ತು ಉಪವಾಸ ಸಲ್ಲದು. ಆರು ಕಳೆದರೆ ಸರಿಯಾಗಿ 40. ಅಯ್ಯಪ್ಪನ ಮಾಲೆ ಹಾಕಿದವರ 41 ದಿನದ ಮಂಡಲ ನಮಗೆ ಗೊತ್ತು. ಅಲ್ಲಿ ನಡುವೆ ಬಿಡುವಿಲ್ಲ. ಇಲ್ಲಿ ವಾರಕ್ಕೊಂದು ಬಿಡುವು ಲೆಕ್ಕದಲ್ಲೇ ಇದೆ.

ಇನ್ನು ತಾರೀಖು. ಪ್ರತಿ ವರ್ಷ ಯಾಕೆ ಬದಲಾಗುತ್ತದೆ ಅಂತ ಕೇಳುವವರು ಪಂಚಾಂಗ ನೋಡುವವರೇ ಆಗಿರುತ್ತಾರೆ, ಅದೇ ತಮಾಷೆ. ಕ್ರಿಸ್‌ಮಸ್ ಸೂರ್ಯನ ಕ್ಯಾಲೆಂಡರಿನ ಹಬ್ಬ, ಡಿಸೆಂಬರ್ 25 ಬಿಟ್ಟು ಕದಲುವುದಿಲ್ಲ. ಪಾಸ್ಖ ಚಂದ್ರನ ಹಿಂದೆ ಹೋಗುತ್ತದೆ. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆ ಹಿಡಿಯಬೇಕು. ಆ ಹುಣ್ಣಿಮೆ ಕಳೆದು ಬರುವ ಭಾನುವಾರ ಪಾಸ್ಖ. ಹುಣ್ಣಿಮೆಯೇ ಭಾನುವಾರವಾದರೆ ಮುಂದಿನ ಭಾನುವಾರ. ಹಬ್ಬವನ್ನು ಎಲ್ಲರೂ ಒಂದೇ ಭಾನುವಾರ ಮಾಡಬೇಕು ಅಂತ 325ರಲ್ಲಿ ನೈಸಿಯಾ ಎಂಬ ಊರಲ್ಲಿ ಸೇರಿದ ಬಿಷಪರ ಸಭೆ ಒಪ್ಪಿಕೊಂಡಿತ್ತು. ಇಗರ್ಜಿಯ ಹುಣ್ಣಿಮೆ ಕೋಷ್ಟಕದ್ದು, ಆಕಾಶದ ಹುಣ್ಣಿಮೆಗೂ ಅದಕ್ಕೂ ಒಂದೆರಡು ದಿನ ಆಚೀಚೆ ಆಗುವುದುಂಟು. ಆದರೂ ನಮ್ಮ ಲೆಕ್ಕಕ್ಕೆ ಚೆನ್ನಾಗಿ ಹೊಂದುತ್ತದೆ. 2024ರಲ್ಲಿ ಆ ಹುಣ್ಣಿಮೆ ಮಾರ್ಚ್ 25, ಅಂದರೆ ಹೋಳಿ ಹುಣ್ಣಿಮೆ. ಹಾಲಕ್ಕಿಗಳ ಸುಗ್ಗಿ ಕುಣಿತ ಮುಗಿದ ವಾರವೇ ಪಾಸ್ಖ ಬಂತು, ಮಾರ್ಚ್ 31ಕ್ಕೆ. 2026ರಲ್ಲಿ ಅದೇ ಹುಣ್ಣಿಮೆ ಏಪ್ರಿಲ್ 2, ಹನುಮ ಜಯಂತಿ. ಹೀಗೆ ಪಾಸ್ಖ ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಓಲಾಡುತ್ತದೆ. ಅದಕ್ಕಿಂತ 46 ದಿನ ಹಿಂದಕ್ಕೆ ಎಣಿಸಿದರೆ ಬೂದಿ ಬುಧವಾರ.

ಹಿಂದೂ, ಕ್ರೈಸ್ತ, ಮುಸ್ಲಿಂ ಮೂರೂ ಕಡೆ ಚಂದ್ರನೇ ಯಜಮಾನನಾದ್ದರಿಂದ ಕೆಲವು ವರ್ಷ ಎಲ್ಲ ಒಟ್ಟಿಗೆ ಬಂದು ಬೀಳುತ್ತದೆ. ಶಿವರಾತ್ರಿ ಮುಗಿದ ಆ ವಾರದಲ್ಲೇ ಬೂದಿ ಬುಧವಾರ, ಆ ವಾರದಲ್ಲೇ ರಂಜಾನ್ ಉಪವಾಸ ಶುರು. ಶಾಲೆಯ ಜಗಲಿಯಲ್ಲಿ ಊಟಕ್ಕೆ ಕೂತ ಮಕ್ಕಳ ನಡುವೆ "ನಿಮ್ಮನೇಲಿ ಯಾರು ಉಪಾಸ?" ಅನ್ನುವುದೇ ಮಾತು. ರಂಜಾನ್ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುವುದರಿಂದ ಈ ಜೋಡಿ ಬಹಳ ವರ್ಷ ಉಳಿಯುವುದಿಲ್ಲ.

ಉಪವಾಸದ ವಿಷಯಕ್ಕೆ ಬರೋಣ, ಜಾಸ್ತಿ ಗಾಬರಿ ಇರುವುದು ಅಲ್ಲೇ. ಕ್ಯಾಥೊಲಿಕ್ ಧರ್ಮಸಭೆಯ ಕಾನೂನು 1983ರಲ್ಲಿ ಹೊಸದಾಗಿ ಬರೆದದ್ದು. ಅದರ ಪ್ರಕಾರ ಉಪವಾಸದ ಕಟ್ಟು 18 ತುಂಬಿದವರಿಗೆ, ಅದೂ 59 ತುಂಬುವವರೆಗೆ. ವರ್ಷದಲ್ಲಿ ಕಡ್ಡಾಯ ಎರಡೇ ದಿನ: ಬೂದಿ ಬುಧವಾರ ಮತ್ತು ಶುಭ ಶುಕ್ರವಾರ (ಗುಡ್ ಫ್ರೈಡೇ). ಅವತ್ತೂ ಪೂರ್ತಿ ಹಸಿದಿರುವುದಲ್ಲ. ಒಂದು ಹೊತ್ತು ಹೊಟ್ಟೆತುಂಬ, ಉಳಿದಂತೆ ಎರಡು ಸಲ ಚೂರುಪಾರು. ನಮ್ಮ ಒಪ್ಪೊತ್ತಿನ ಹತ್ತಿರ ಬರುತ್ತದೆ. ಮಾಂಸ ಬಿಡುವ ಕಟ್ಟು ಬೇರೆ. ಅದು ಈ ಎರಡು ದಿನ ಮತ್ತು ಶುಕ್ರವಾರಗಳಿಗೆ, 14 ತುಂಬಿದವರಿಗೆ. ಪ್ರಾಥಮಿಕ ಶಾಲೆಯ ಮಗುವಿಗೆ ಎರಡರಲ್ಲಿ ಒಂದೂ ಅನ್ವಯಿಸುವುದಿಲ್ಲ. ಕ್ಯಾಥೊಲಿಕ್ ಮಗುವಿಗೇ ಇಲ್ಲ ಅಂದಮೇಲೆ ಬೇರೆ ಮಕ್ಕಳ ಮಾತೇ ಬೇಡ. ಅಕ್ಷರ ದಾಸೋಹದ ಅನ್ನ ಸಾರು ಎಂದಿನಂತೆ ಬೇಯುತ್ತದೆ. ಮೊಟ್ಟೆ ಕೊಡುವ ದಿನ ಮೊಟ್ಟೆ, ಒಲ್ಲದವರಿಗೆ ಬಾಳೆಹಣ್ಣು. ಹಿಂದಿನ ಕಾಲದಲ್ಲಿ ಮೊಟ್ಟೆ, ಹಾಲು, ಬೆಣ್ಣೆ ಕೂಡ ನಿಷೇಧವಿತ್ತು. ನಲವತ್ತು ದಿನ ಕೂಡಿಟ್ಟ ಮೊಟ್ಟೆ ಪಾಸ್ಖಕ್ಕೆ ಹೊರಬರುತ್ತಿದ್ದವು. ಬಣ್ಣದ ಈಸ್ಟರ್ ಮೊಟ್ಟೆಯ ಬೇರು ಅಲ್ಲಿದೆ ಅನ್ನುತ್ತಾರೆ.

ಮಾಂಸ ಬಿಡಬೇಕು ಸರಿ, ಮೀನು? ಇಲ್ಲಿ ಕರಾವಳಿಯವರಿಗೆ ನಗು ಬರುತ್ತದೆ. ಧರ್ಮಸಭೆಯ ಹಳೇ ಲೆಕ್ಕದಲ್ಲಿ ಮಾಂಸ ಅಂದರೆ ನೆಲದ ಮೇಲೆ ಓಡಾಡುವ, ಬಿಸಿರಕ್ತದ ಪ್ರಾಣಿಗಳದ್ದು. ಕೋಳಿ, ಕುರಿ, ಹಂದಿ ಬರುತ್ತವೆ. ಮೀನು ಬರುವುದಿಲ್ಲ. ಅಂದರೆ ಶುಕ್ರವಾರ ಬಂಗಡೆ ಸಾರು, ಹುರಿದ ಸಿಗಡಿ ತಿಂದು "ನಾನು ಕಟ್ಟು ಮುರಿದಿಲ್ಲ" ಅನ್ನಬಹುದು. ರೋಮಿನಲ್ಲಿ ಇದು ತ್ಯಾಗ ಇರಬಹುದು. ಕಾರವಾರದಲ್ಲಿ ಅದು ಹಬ್ಬದೂಟ! ಮಾವಶಿಗೆ ಇದು ಚೆನ್ನಾಗಿ ಗೊತ್ತು. ಅದಕ್ಕೇ ಅವರ ಮನೆಯಲ್ಲಿ ಕರೆಜ್ಮಿನ ಶುಕ್ರವಾರ ಮೀನಿನ ಬುಟ್ಟಿಯವಳು ಬಂದರೆ ಬಾಗಿಲಲ್ಲೇ "ಇವತ್ತು ಬೇಡ" ಅಂದುಬಿಡುತ್ತಾರೆ. ಕಾನೂನು ಕೇಳದ್ದನ್ನು ಮನೆಯೇ ಕಟ್ಟಿಕೊಂಡ ಕಟ್ಟು. ಜೂನ್ 1ರಿಂದ 61 ದಿನ ಯಾಂತ್ರಿಕ ದೋಣಿ ನೀರಿಗಿಳಿಯುವಂತಿಲ್ಲ, ಆಗ ತಾಜಾ ಮೀನು ಅಪರೂಪ. ಅದು ಸರಕಾರದ ಕರೆಜ್ಮ್ ಅಂತ ಮಾವಶಿಯ ಯಜಮಾನರು ಗೊಣಗುತ್ತಾರೆ.

ಹಾಗಾದರೆ ಕಟ್ಟೇ ಇಲ್ಲದ ಮಕ್ಕಳಿಗೆ ಶಾಲೆ ಏನು ಕಲಿಸುತ್ತದೆ? ಪ್ರಾರ್ಥನೆ, ಉಪವಾಸ, ದಾನ ಅಂತ ಮೂರು ಕೆಲಸ ಹೇಳುತ್ತಾರೆ. ಉಪವಾಸದ ಜಾಗಕ್ಕೆ ಮಕ್ಕಳಿಗೆ ಬರುವುದು ಇಷ್ಟದ ಒಂದು ವಸ್ತು ಬಿಡುವುದು. ಮಗಳ ಕ್ಲಾಸಲ್ಲಿ ಟೀಚರ್ ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟು, "ಬೇಕಿದ್ದವರು ಬರೀರಿ, ಯಾರಿಗೂ ತೋರಿಸಬೇಡಿ" ಅಂದರಂತೆ. ನಮ್ಮವಳು ತೋರಿಸದೆ ಇರುವಳೇ? "ಹಾಗಲಕಾಯಿ ಬಿಡ್ತೇನೆ" ಅಂತ ಬರೆದಿದ್ದಳು. ನನ್ನ ಅತ್ತೆಗೆ ನಗು ತಡೆಯಲಿಲ್ಲ. ಕಾಶಿಗೆ ಹೋದವರು ಇಷ್ಟದ ಒಂದು ತರಕಾರಿ, ಒಂದು ಹಣ್ಣು ಬಿಟ್ಟುಬರಬೇಕು ಅಂತ ಇದೆಯಲ್ಲ. ಅತ್ತೆಯ ಅಣ್ಣ ಕಾಶಿಯಲ್ಲಿ ಪಡವಲಕಾಯಿ ಬಿಟ್ಟು ಬಂದವರು. ಅದನ್ನು ಅವರು ಹುಟ್ಟಿದಾಗಿನಿಂದ ತಿಂದಿರಲೇ ಇಲ್ಲ! ಮಗಳಿಗೆ ಈ ಕಥೆ ಹೇಳಿದ್ದೇ ತಡ, ತಪಸ್ಸುಕಾಲದ ಅರ್ಧ ಅರ್ಥವಾಯಿತು. ಹಾಗಲಕಾಯಿ ಹೊಡೆದುಹಾಕಿ "ಸಂಜೆ ಕುರ್ಕುರೆ" ಅಂತ ಬರೆದಳು. ಒಂಬತ್ತನೇ ದಿನ ಮುರಿದಳು, ಹತ್ತನೇ ದಿನ ಮತ್ತೆ ಶುರು ಮಾಡಿದಳು.

ಉಳಿದ ಐದು ಹತ್ತು ರೂಪಾಯಿ ಡಬ್ಬಿಗೆ. ಈ ಡಬ್ಬಿಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು.

ಬೂದಿ ಬುಧವಾರದ ಆಸುಪಾಸಿನಲ್ಲಿ ಮಕ್ಕಳು ಮನೆಗೆ ಒಂದು ರಟ್ಟಿನ ಪೆಟ್ಟಿಗೆ ತರುತ್ತಾರೆ, ಅಥವಾ ಕ್ಲಾಸಿನ ಮೇಜಿನ ಮೇಲೆ ಒಂದು ಡಬ್ಬಿ ಬರುತ್ತದೆ. ಕೆಲವು ಕಡೆ ಮುಷ್ಟಿ ಅಕ್ಕಿಯನ್ನೂ ಕೇಳುತ್ತಾರೆ. ಹಣದ ಗುರಿ ಬಡವರು, ಕಾಯಿಲೆಯವರು, ಹಸಿದವರು. ಭಾರತದ ಬಿಷಪರು 1962ರಲ್ಲಿ ಶುರುಮಾಡಿದ ಕಾರಿತಾಸ್ ಇಂಡಿಯಾ ಎಂಬ ಸಂಸ್ಥೆ ಪ್ರತಿ ತಪಸ್ಸುಕಾಲದಲ್ಲಿ ಹಸಿವು ಮತ್ತು ರೋಗದ ವಿರುದ್ಧ ಅಂತ ದೇಶದ ತುಂಬ ಹಣ ಸೇರಿಸುತ್ತದೆ. ನಮ್ಮ ಜಿಲ್ಲೆಯ ಇಗರ್ಜಿಗಳು ಕಾರವಾರ ಧರ್ಮಪ್ರಾಂತ್ಯಕ್ಕೆ, ಅಂದರೆ ಕಾರವಾರದ ಬಿಷಪರ ಆಡಳಿತಕ್ಕೆ, ಸೇರಿದವು. ಅದು ಬೆಳಗಾವಿಯಿಂದ ಬೇರೆಯಾದದ್ದು 1976ರಲ್ಲಿ. ಡಬ್ಬಿಯ ಹಣ ಎಲ್ಲಿಗೆ ಅಂತ ಪ್ರತಿ ಶಾಲೆಯಲ್ಲೂ ಒಂದೇ ಉತ್ತರ ಇರಲಾರದು. ಧರ್ಮಪ್ರಾಂತ್ಯಕ್ಕೆ ಹೋಗಬಹುದು, ಹತ್ತಿರದ ಅನಾಥಾಶ್ರಮಕ್ಕೆ ಹೋಗಬಹುದು. ಪಾಲಕರ ಸಭೆಯಲ್ಲಿ ಕೇಳಿ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಹೇಳುತ್ತಾರೆ.

ಎಷ್ಟು ಹಾಕಬೇಕು ಅನ್ನುವ ಪ್ರಶ್ನೆಗೆ ನನ್ನದೊಂದು ಹಳೇ ಗಾಯವಿದೆ. ಮಗ ನಾಲ್ಕನೇ ಕ್ಲಾಸಲ್ಲಿದ್ದಾಗ, ಅವನ ಶಾಲೆಯಲ್ಲಿ (ಹೆಸರು ಬೇಡ) ಗೋಡೆಗೆ ಒಂದು ಚಾರ್ಟ್ ಅಂಟಿಸಿದ್ದರು. ಯಾವ ಕ್ಲಾಸು ಎಷ್ಟು ಸೇರಿಸಿತು ಅಂತ ವಾರವಾರ ಬಣ್ಣ ಬಳಿಯುವುದು, ಬೆಳಗಿನ ಪ್ರಾರ್ಥನೆ ಹೊತ್ತಲ್ಲಿ ಓದಿ ಹೇಳುವುದು. ಮಗ ಒಂದು ರಾತ್ರಿ "ಐನೂರು ಕೊಡು, ಇಲ್ಲಾಂದ್ರೆ ನಮ್ಮ ಕ್ಲಾಸು ಸೋಲ್ತದೆ" ಅಂತ ಅತ್ತ. ಅವನ ಬೆಂಚಿನ ಹುಡುಗನ ತಂದೆ ದೋಣಿಯಲ್ಲಿ ಕೂಲಿ. ಆ ಮನೆಯಲ್ಲಿ ಆ ರಾತ್ರಿ ಏನು ನಡೆದಿರಬಹುದು ಅಂತ ಯೋಚಿಸಿದೆ, ನಿದ್ದೆ ಬರಲಿಲ್ಲ.

ಮಾವಶಿಗೆ ಹೇಳಿದಾಗ ಅವರು ಬೈಬಲ್ ತೆಗೆದು ಮತ್ತಾಯನ ಆರನೇ ಅಧ್ಯಾಯ ತೋರಿಸಿದರು. ಬೂದಿ ಬುಧವಾರದ ಪೂಜೆಯಲ್ಲಿ ಪ್ರತಿ ವರ್ಷ ಓದುವ ಭಾಗವೇ ಅದು. ದಾನ ಕೊಡುವಾಗ ಬಲಗೈ ಮಾಡಿದ್ದು ಎಡಗೈಗೆ ತಿಳಿಯದಿರಲಿ, ಪ್ರಾರ್ಥನೆಯನ್ನು ಬಾಗಿಲು ಹಾಕಿಕೊಂಡು ಮಾಡು, ಉಪವಾಸ ಇದ್ದರೆ ಮುಖ ತೊಳೆದುಕೋ ಅಂತ ಅದರಲ್ಲಿದೆ. ಮುಖ ತೊಳೆ ಅಂತ ಓದಿ, ಆಮೇಲೆ ಹಣೆಗೆ ಬೂದಿ ಹಚ್ಚುತ್ತಾರೆ! ಕೆಲವರು ಅದಕ್ಕೇ ಇಗರ್ಜಿಯಿಂದ ಹೊರಬಂದು ಒರೆಸಿಕೊಳ್ಳುತ್ತಾರಂತೆ, ಕೆಲವರು ಸಂಜೆವರೆಗೂ ಇಟ್ಟುಕೊಳ್ಳುತ್ತಾರೆ. ಎರಡಕ್ಕೂ ಕಾರಣ ಇದೆ ಅಂದರು ಮಾವಶಿ. ಆದರೆ ಗೋಡೆಯ ಚಾರ್ಟಿಗೆ ಅವರಿಗೂ ಕಾರಣ ಸಿಗಲಿಲ್ಲ. ನಾವಿಬ್ಬರೂ ಹೋಗಿ ಹೆಡ್ ಸಿಸ್ಟರ್ ಹತ್ತಿರ ಇದೇ ಅಧ್ಯಾಯದ ಮಾತು ಎತ್ತಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವು ಹೇಳಿದ್ದು ಸರಿ" ಅಂದರು. ಮರುವರ್ಷ ಚಾರ್ಟ್ ಇರಲಿಲ್ಲ. ಈಗ ಮಗಳ ಶಾಲೆಯ ಡಬ್ಬಿ ಬಾಯಿ ಮುಚ್ಚಿದ್ದು. ಯಾರು ಹಾಕಿದರು, ಯಾರು ಬಿಟ್ಟರು ಅಂತ ತಿಳಿಯುವುದಿಲ್ಲ. ಹಾಗಾಗಿ ನನ್ನ ಉತ್ತರ ಇಷ್ಟೇ: ಮಗು ತಾನು ಬಿಟ್ಟ ತಿಂಡಿಯ ದುಡ್ಡು ಎಷ್ಟೋ ಅಷ್ಟು. ಅಪ್ಪನ ಜೇಬಿನ ಐನೂರಕ್ಕೆ ಅಲ್ಲಿ ಕೆಲಸವಿಲ್ಲ.

ಈಗ ಪ್ರಾರ್ಥನೆಯ ಪ್ರಶ್ನೆ. ತಪಸ್ಸುಕಾಲದ ಶುಕ್ರವಾರಗಳಲ್ಲಿ ಶಿಲುಬೆ ಹಾದಿ ನಡೆಯುತ್ತದೆ. ಯೇಸುವಿಗೆ ಮರಣದಂಡನೆ ವಿಧಿಸಿದ್ದರಿಂದ ಸಮಾಧಿಯವರೆಗೆ ಹದಿನಾಲ್ಕು ನಿಲುಗಡೆ. ಪ್ರತಿ ನಿಲುಗಡೆಗೂ ಒಂದು ಚಿತ್ರ. ಅಲ್ಲಿ ನಿಂತು ಪ್ರಾರ್ಥಿಸಿ, ಹಾಡುತ್ತ ಮುಂದಿನದಕ್ಕೆ. ಹಿಂದೆ ಊರಿಗೊಂದು ಲೆಕ್ಕವಿತ್ತು. 1731ರಲ್ಲಿ ಪೋಪ್ ಹನ್ನೆರಡನೇ ಕ್ಲೆಮೆಂಟ್ ಹದಿನಾಲ್ಕಕ್ಕೆ ನಿಲ್ಲಿಸಿದರು. ಮಕ್ಕಳಿಗೆ ಇಷ್ಟವಾಗುವುದು ಐದನೆಯದು ಮತ್ತು ಆರನೆಯದು ಅಂತ ಕ್ಲಾಸಿನ ಕ್ಯಾಥೊಲಿಕ್ ಹುಡುಗಿಯೊಬ್ಬಳು ನನ್ನ ಮಗಳಿಗೆ ಹೇಳಿದ್ದಳು. ಐದರಲ್ಲಿ ಹೊಲದಿಂದ ಬರುತ್ತಿದ್ದ ಸಿಮೋನ ಎಂಬ ದಾರಿಹೋಕನ ಹೆಗಲಿಗೆ ಶಿಲುಬೆ ಹೊರಿಸುತ್ತಾರೆ. ಆರರಲ್ಲಿ ಒಬ್ಬಳು ಹೆಂಗಸು ಬೆವರು ರಕ್ತ ಸೇರಿದ ಮುಖವನ್ನು ಬಟ್ಟೆಯಲ್ಲಿ ಒರೆಸುತ್ತಾಳೆ. ಯಾರೋ ಬಂದು ಸಹಾಯ ಮಾಡುವ ಜಾಗಗಳು ಅವು.

ಇದಕ್ಕೆ ಬೇರೆ ಮಕ್ಕಳು ಹೋಗಲೇಬೇಕಾ? ಇಲ್ಲ. ಇದು ಶಾಲೆಯ ದೊಡ್ಡ ಮನಸ್ಸಿನ ಮಾತಲ್ಲ, ಸಂವಿಧಾನದ್ದೇ ಮಾತು. 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಶಾಲೆ ಕಟ್ಟುವ, ನಡೆಸುವ ಹಕ್ಕು ಕೊಡುತ್ತದೆ. ಅದೇ ಸಂವಿಧಾನದ 28ನೇ ವಿಧಿಯ ಮೂರನೇ ಖಂಡ ಇನ್ನೊಂದು ಮಾತು ಹೇಳುತ್ತದೆ. ಸರಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಯಾರನ್ನೂ ಒಪ್ಪಿಗೆ ಇಲ್ಲದೆ ಧಾರ್ಮಿಕ ಬೋಧನೆಗೋ ಪೂಜೆಗೋ ಕೂರಿಸುವಂತಿಲ್ಲ, ಮಕ್ಕಳಾದರೆ ಪೋಷಕರ ಒಪ್ಪಿಗೆ ಬೇಕು. ಅಂದರೆ ಶಾಲೆ ಶಿಲುಬೆ ಹಾದಿ ನಡೆಸಬಹುದು, ನಿಮ್ಮ ಮಗುವನ್ನು ನಿಮ್ಮ ಒಪ್ಪಿಗೆ ಇಲ್ಲದೆ ಅದರಲ್ಲಿ ಸೇರಿಸುವಂತಿಲ್ಲ. ನಮ್ಮ ಕಡೆ ಸಾಮಾನ್ಯವಾಗಿ ನಡೆಯುವುದೂ ಹೀಗೇ. ಕ್ಯಾಥೊಲಿಕ್ ಮಕ್ಕಳು ಪ್ರಾರ್ಥನೆಗೆ ಸಾಲಾಗಿ ಹೋಗುತ್ತಾರೆ, ಉಳಿದವರಿಗೆ ಆ ಹೊತ್ತಲ್ಲಿ ಮೌಲ್ಯ ಶಿಕ್ಷಣದ ಪಾಠ ಅಥವಾ ಚಿತ್ರ ಬಿಡಿಸುವುದು. ಮಗಳು ಒಂದು ಶುಕ್ರವಾರ ಗೆಳತಿಯ ಜೊತೆ ಹೋಗುತ್ತೇನೆ ಅಂದಳು. ಹೋಗಿ ಬಾ ಅಂದೆ. ಕೂಡದು ಅನ್ನುವ ಪಾಲಕರೂ ಇದ್ದಾರೆ, ಅವರ ಮಕ್ಕಳು ಕ್ಲಾಸಲ್ಲೇ ಇದ್ದರು. ಸಂಜೆ ಎಲ್ಲರೂ ಒಂದೇ ರಿಕ್ಷಾದಲ್ಲಿ ಮನೆಗೆ ಬಂದರು.

ಕಣ್ಣಿಗೆ ಬೀಳುವ ಸಣ್ಣ ಬದಲಾವಣೆಗಳೂ ಇವೆ. ಇಗರ್ಜಿಯಲ್ಲಿ ನೇರಳೆ ಬಟ್ಟೆ. ಪೀಠದ ಮೇಲೆ ಹೂವಿಲ್ಲ. ಅಲ್ಲೆಲೂಯ ಎಂಬ ಪದವನ್ನು ಪಾಸ್ಖದ ಮುನ್ನಾರಾತ್ರಿವರೆಗೆ ಹಾಡುವುದೇ ಇಲ್ಲ. ನಡುವೆ ಮಾರ್ಚ್ 19 ಸಂತ ಜೋಸೆಫರ ಹಬ್ಬ, ಅವತ್ತು ನೇರಳೆ ಹೋಗಿ ಬಿಳಿ ಬಟ್ಟೆ ಬರುತ್ತದೆ. ಜೋಸೆಫರ ಹೆಸರಿನ ಶಾಲೆಗಳಿಗೆ ಅದು ದೊಡ್ಡ ದಿನ. 2026ರಲ್ಲಿ ಅದೇ ದಿನ ಯುಗಾದಿಯೂ ಬಂದು, ಶಾಲೆಗೇ ರಜೆ.

ಆಮೇಲೆ ಪರೀಕ್ಷೆ. ಹೆಚ್ಚು ಹೇಳುವುದಿಲ್ಲ, ಮಾರ್ಚಿನಲ್ಲಿ ಯಾವ ಶಾಲೆಯಲ್ಲೂ ಪರೀಕ್ಷೆಗಿಂತ ದೊಡ್ಡ ತಪಸ್ಸಿಲ್ಲ. ನಮ್ಮ ಶಾಲೆಗಳು ಏಪ್ರಿಲ್ 10ರ ಸುಮಾರಿಗೆ ಬೇಸಿಗೆ ರಜೆಗೆ ಮುಚ್ಚುವುದರಿಂದ ಪಾಸ್ಖ ತಡವಾದ ವರ್ಷ ಪವಿತ್ರ ವಾರ ಶಾಲೆಯ ಕೈಗೆ ಸಿಗುವುದೇ ಇಲ್ಲ. 2025ರಲ್ಲಿ ಪಾಸ್ಖ ಏಪ್ರಿಲ್ 20. ಮಕ್ಕಳು ಡಬ್ಬಿ ಕೊಟ್ಟು, ಫಲಿತಾಂಶ ತೆಗೆದುಕೊಂಡು, ಅಜ್ಜನ ಮನೆಗೆ ಹೋಗಿಯಾಗಿತ್ತು.

ಪವಿತ್ರ ವಾರ ಅಂದರೆ ಕೊನೆಯ ವಾರ. ಗುರುವಾರ ಸಂಜೆ ಪಾದ್ರಿ ಹನ್ನೆರಡು ಜನರ ಪಾದ ತೊಳೆಯುತ್ತಾರೆ. ಹಿಂದೆ ಗಂಡಸರದ್ದು ಮಾತ್ರ, 2016ರಿಂದ ಹೆಂಗಸರು, ಹುಡುಗಿಯರದ್ದೂ ಆಗಬಹುದು ಅಂತ ಪೋಪ್ ಫ್ರಾನ್ಸಿಸ್ ನಿಯಮ ಬದಲಿಸಿದರು. ಶುಭ ಶುಕ್ರವಾರ ಗಂಟೆ ಬಾರಿಸುವುದಿಲ್ಲ, ಬಲಿಪೂಜೆಯೂ (ಮಾಸ್) ಇಲ್ಲ. ಮಾವಶಿಯ ಮನೆಯಲ್ಲಿ ಅವತ್ತು ಪೇಜ್, ಅಂದರೆ ಗಂಜಿ, ಜೊತೆಗೆ ಒಂದು ಮಿಡಿ ಉಪ್ಪಿನಕಾಯಿ. ಶನಿವಾರ ರಾತ್ರಿ ಇಗರ್ಜಿಯ ಹೊರಗೆ ಹೊಸ ಬೆಂಕಿ ಹೊತ್ತಿಸಿ, ಅದರಿಂದ ದೊಡ್ಡ ಮೇಣದಬತ್ತಿ ಬೆಳಗಿಸಿ ಒಳಗೆ ತರುತ್ತಾರೆ. ಅಲ್ಲಿಗೆ ನಲವತ್ತು ಮುಗಿಯಿತು.

ಈ ವಾರ ಶುರುವಾಗುವುದು ಗರಿಗಳ ಭಾನುವಾರದಿಂದ. ಯೇಸು ಜೆರುಸಲೇಮಿಗೆ ಬಂದಾಗ ಜನ ಗರಿ ಹಿಡಿದು ಎದುರುಗೊಂಡ ನೆನಪು ಅದು. ನಮ್ಮ ಕರಾವಳಿಯಲ್ಲಿ ಗರಿಗೆ ಬರವೇ? ತೆಂಗಿನ ಎಳೆ ಗರಿಯನ್ನು ಆಶೀರ್ವಾದ ಮಾಡಿಸಿ ಹಿಡಿದು ಮೆರವಣಿಗೆ ಹೋಗುತ್ತಾರೆ. ಆಮೇಲೆ ಮಕ್ಕಳು ಅದನ್ನೇ ಮಡಚಿ ಸಣ್ಣ ಶಿಲುಬೆ ಹೆಣೆಯುತ್ತಾರೆ. ಮನೆಯ ಯೇಸುವಿನ ಚಿತ್ರದ ಹಿಂದೆ ಅದು ವರ್ಷವಿಡೀ ಇರುತ್ತದೆ, ಹಸಿರು ಹೋಗಿ ಹಳದಿ, ಆಮೇಲೆ ಕಂದು. ಮುಂದಿನ ವರ್ಷ ಬೂದಿ ಬುಧವಾರ ಹತ್ತಿರ ಬಂದಾಗ ಒಣಗಿದ ಗರಿಗಳನ್ನೆಲ್ಲ ಇಗರ್ಜಿಯಲ್ಲಿ ಸೇರಿಸಿ ಸುಡುತ್ತಾರೆ. ಟೀಚರ್ ಹಣೆಯ ಮೇಲೆ ಮಗಳು ನೋಡಿದ ಬೂದಿ ಅದೇ. ಅದನ್ನು ಹಚ್ಚುವಾಗ ಪಾದ್ರಿ ಹೇಳುವುದು "ನೀನು ಮಣ್ಣು, ಮಣ್ಣಿಗೇ ಮರಳುವೆ" ಅನ್ನುವ ಅರ್ಥದ ಮಾತು, ಇಲ್ಲವೆ ಮನಸ್ಸು ತಿರುಗಿಸಿ ಶುಭಸಂದೇಶವನ್ನು ನಂಬು ಅಂತ.

ಪರೀಕ್ಷೆಯ ನಡುವೆ ಗೆಳತಿ ಮಗಳಿಗೂ ಒಂದು ಗರಿಯ ಶಿಲುಬೆ ಹೆಣೆದು ಕೊಟ್ಟಳು. ಅದೀಗ ನಮ್ಮ ದೇವರ ಗೂಡಿನಲ್ಲಿ, ಗೋಕರ್ಣದ ವಿಭೂತಿ ಉಂಡೆಯ ಪಕ್ಕದಲ್ಲಿದೆ. ಅತ್ತೆ ದಿನಾ ಬೆಳಿಗ್ಗೆ ಅದರ ಧೂಳು ಹೊಡೆದು ಮತ್ತೆ ಅಲ್ಲೇ ಇಡುತ್ತಾರೆ. ಮುಂದಿನ ಬೂದಿ ಬುಧವಾರ 2027ರ ಫೆಬ್ರುವರಿ 10ಕ್ಕೆ. ಮಗಳು ಕ್ಯಾಲೆಂಡರ್ ಸಿಕ್ಕಿದ ಕೂಡಲೇ ಗುರುತು ಹಾಕುತ್ತಾಳಂತೆ. ಸುಡಲು ಗರಿ ವಾಪಸ್ ಕೊಡಬೇಕಾ, ಇಟ್ಟುಕೊಳ್ಳಬಹುದಾ ಅಂತ ಮಾವಶಿಯನ್ನು ಇನ್ನೂ ಕೇಳಿಲ್ಲ.